ತೂಕ ಇಳಿಯುವ ಮೊದಲೇ ಒಳ್ಳೆ ಬಿಬ್ ಕೊಂಡೆ: ನನ್ನ ಅನುಭವ

"ಮೊದಲು ತೂಕ ಇಳಿಸು, ಒಳ್ಳೆ ಬಟ್ಟೆ ಆಮೇಲೆ ತಗೋ." ಜೊತೆಗೆ ಸೈಕಲ್ ತುಳಿಯುವವರೆಲ್ಲ ನನಗೆ ಹೇಳಿದ್ದು ಇದನ್ನೇ. ಬಟ್ಟೆ ಅಂದರೆ ಮುಖ್ಯವಾಗಿ ಬಿಬ್: ಸೊಂಟದ ಪಟ್ಟಿಯ ಬದಲು ಭುಜಕ್ಕೆ ಪಟ್ಟಿಗಳಿರುವ, ಕೂರುವ ಜಾಗಕ್ಕೆ ಪ್ಯಾಡ್ ಹೊಲಿದ ಸೈಕ್ಲಿಂಗ್ ಶಾರ್ಟ್ಸ್. ಆಗ ನಾನು ಸುಮಾರು 126 ಕೆ.ಜಿ. ಇದ್ದೆ. ಈಗ 97ರ ಆಸುಪಾಸು. 15 ತಿಂಗಳು ಹಿಡಿಯಿತು. ಅವರ ಮಾತು ಕೇಳಿದ್ದರೆ ಮೂರನೇ ತಿಂಗಳಿಗೇ ಸೈಕಲ್ ಮೂಲೆ ಸೇರುತ್ತಿತ್ತು.

ಶುರುವಿನಲ್ಲಿ ನಾನೂ ಉಳಿತಾಯ ಅಂತ ಸೊಂಟಕ್ಕೆ ಎಲಾಸ್ಟಿಕ್ ಇರುವ ಅಗ್ಗದ ಶಾರ್ಟ್ಸ್ ಮೂರು ಕೊಂಡೆ. ಬಗ್ಗಿ ಹ್ಯಾಂಡಲ್ ಹಿಡಿದರೆ ಹೊಟ್ಟೆ ಒತ್ತಿ ಸೊಂಟದ ಪಟ್ಟಿ ಸುರುಳಿ ಸುತ್ತಿಕೊಂಡು ಕೆಳಗೆ ಜಾರುತ್ತಿತ್ತು. ಜೊತೆಗೆ ಪ್ಯಾಡೂ ಜಾಗ ಬಿಡುತ್ತಿತ್ತು. 20 ಕಿ.ಮೀ. ಆಗುವಷ್ಟರಲ್ಲಿ ತೊಡೆಸಂದಿಯಲ್ಲಿ ಚರ್ಮ ಕಿತ್ತು, ಸ್ನಾನದ ನೀರು ಬಿದ್ದರೆ ಪ್ರಾಣ ಹೋದ ಹಾಗೆ ಉರಿ. ಆಮೇಲೆ ದಪ್ಪನೆಯ ಜೆಲ್ ಪ್ಯಾಡ್ ಇರುವ ಇನ್ನೊಂದು ಶಾರ್ಟ್ಸ್ ತಗೊಂಡೆ. ಅದು ಕಾಲುಗಳ ನಡುವೆ ಮುದ್ದೆಯಾಗಿ ಇನ್ನೂ ಜಾಸ್ತಿ ಉಜ್ಜಿತು. ಆ ನಾಲ್ಕರ ದುಡ್ಡು ಸೇರಿಸಿದ್ದರೆ ಒಂದು ಒಳ್ಳೆ ಬಿಬ್ ಬರುತ್ತಿತ್ತು, ಅಲ್ವಾ? ಹೇಗೂ ಸಣ್ಣ ಆಗ್ತೀನಿ ಅಂತ ಒಂದು ಸೈಜ್ ಚಿಕ್ಕ ಬಿಬ್ಬನ್ನೂ ಕೊಂಡಿದ್ದೆ. ಭುಜ ಎಳೆದು ಎಳೆದು ಒಂದು ಗಂಟೆಗೇ ಬಿಚ್ಚಿ ಎಸೆಯುವಂತಾಯಿತು.

ಕೊನೆಗೆ ಕೈಹಿಡಿದದ್ದು ಟೇಪು. ತೂಕ ನೋಡಿ ಸೈಜ್ ಆರಿಸುವುದನ್ನು ಬಿಟ್ಟು ಸೊಂಟದ ಕೆಳಗಿನ ಸುತ್ತಳತೆ, ತೊಡೆಯ ಸುತ್ತಳತೆ ಎರಡನ್ನೂ ತಿಂಗಳಿಗೊಮ್ಮೆ ಬರೆದಿಟ್ಟೆ. ಇವತ್ತಿನ ಮೈಗೆ ಇವತ್ತಿನ ಬಿಬ್. ಒಂದು ಸಲಕ್ಕೆ ಎರಡೇ, ಒಂದು ಒಗೆದರೆ ಇನ್ನೊಂದು. ಒಳತೊಡೆಯ ಹತ್ತಿರ ಎರಡು ಬೆರಳಿಗೆ ಬಟ್ಟೆಯ ಮಡಿಕೆ ಸಿಕ್ಕಿತು ಅಂದರೆ ಅದರ ಕೆಲಸ ಮುಗಿಯಿತು. ಆ ಮಡಿಕೆಯೇ ಚರ್ಮ ಕೀಳುವುದು. ನನಗೆ ಹೆಚ್ಚುಕಡಿಮೆ 10 ಕೆ.ಜಿ.ಗೆ ಒಂದು ಸೈಜ್ ಇಳಿಯಿತು. ತೂಕ ಇಳಿದರೂ ಕೂರುವ ಮೂಳೆಗಳ ಅಂತರ ಬದಲಾಗುವುದಿಲ್ಲ. ಅದಕ್ಕೇ ಹೊಂದಿಕೊಂಡ ಪ್ಯಾಡನ್ನೂ ಸ್ಯಾಡಲ್‌ನ (ಸೀಟಿನ) ಅಗಲವನ್ನೂ ನಾನು ಬದಲಿಸಲೇ ಇಲ್ಲ. ಅದೇ ಮಾಡೆಲ್, ಚಿಕ್ಕ ಸೈಜ್, ಅಷ್ಟೇ.

ದುಡ್ಡು ಉಳಿಸಿದ್ದು ಜೆರ್ಸಿಯಲ್ಲಿ. ಸಡಿಲ ಕಟ್, ಪೂರ್ತಿ ಜಿಪ್ ಇರುವುದು ಎರಡು ಕೊಂಡೆ. ದರ್ಜಿ ಹತ್ತಿರ ಎರಡು ಸಲ ಪಕ್ಕದ ಹೊಲಿಗೆ ಒಳಗೆ ಹಿಡಿಸಿದೆ. ಬೆನ್ನಿನ ಜೇಬು ಪಕ್ಕೆಗೆ ಬರುವ ತನಕ ಇದು ನಡೆಯುತ್ತದೆ. ಬಿಬ್‌ಗೆ ಮಾತ್ರ ಈ ಕೆಲಸ ಬೇಡ. ನಾನು ಮಾಡಿಸಿ ನೋಡಿದೆ. ಹೊಸ ಹೊಲಿಗೆಯ ದಿಂಡು ಸರಿಯಾಗಿ ತೊಡೆ ಉಜ್ಜುವ ಜಾಗಕ್ಕೇ ಬಂತು, ಬಿಬ್ ಹಾಳಾಯಿತು.

ನಡುವೆ ಇನ್ನೊಂದು ಪ್ರಯೋಗ. ಬಿಬ್‌ನ ಕಾಲಿನ ತುದಿಯ ಸಿಲಿಕೋನ್ ಪಟ್ಟಿ ತೊಡೆಗೆ ಕಚ್ಚುತ್ತಿತ್ತು. ಅದನ್ನು ಕತ್ತರಿಸಿ ನಾಲ್ಕು ಬೆರಳಗಲದ ಲೈಕ್ರಾ ಪಟ್ಟಿ ಹೊಲಿಸಿದೆ. ಗುರುತೇ ಬೀಳಲಿಲ್ಲ! ಪೌಡರ್ ಹಾಕಿ ನೋಡಿದ್ದು ಮಾತ್ರ ದಂಡ, ಬೆವರಿಗೆ ಉಂಡೆ ಕಟ್ಟಿತು. ಚರ್ಮ ಉಜ್ಜದಂತೆ ಹಚ್ಚುವ ಕ್ರೀಮ್ ಸರಿ. ಅದನ್ನು ಯಾವಾಗ, ಎಷ್ಟು ಸಲ ಹಚ್ಚುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಹೋದ ಭಾನುವಾರ 80 ಕಿ.ಮೀ. ತುಳಿದೆ, ಎಲ್ಲೂ ಉರಿಯಲಿಲ್ಲ. ಬೇಡ ಅಂದವರಲ್ಲಿ ಇಬ್ಬರು ಈಗ ನನ್ನ ಟೇಪು ಕೇಳುತ್ತಿದ್ದಾರೆ. ನನ್ನ ಬಿಬ್‌ನಲ್ಲಿ ಮತ್ತೆ ಮಡಿಕೆ ಸಿಗಲು ಶುರುವಾಗಿದೆ. ಮುಂದಿನ ಸೈಜ್‌ಗೆ ದುಡ್ಡು ಎತ್ತಿಟ್ಟಿದ್ದೇನೆ.