ಪಿಯು ಮುಗಿಯುವ ಮೊದಲೇ ಮಾಡಿಡಿ ಸೀಟು, ಫೀ, ಹಾಸ್ಟೆಲ್ ಲೆಕ್ಕ

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಕೈಗೆ ದುಡ್ಡು ಬರುವುದಿಲ್ಲ. ಶಿರಸಿ, ಸಿದ್ದಾಪುರದ ಕಡೆ ಅದೇ ಹೊತ್ತಿಗೆ ಅಡಿಕೆಗೆ ಕೊಳೆ ರೋಗದ ಮದ್ದು ಹೊಡೆಸುವ ಖರ್ಚು. ಕಾಲೇಜಿನವರು ಫೀ ಕೇಳುವುದೂ ಹೆಚ್ಚುಕಡಿಮೆ ಆಗಲೇ! ಹಾಗಾಗಿ ರಿಸಲ್ಟ್ ಬರಲಿ ಎಂದು ಕಾಯಬೇಡಿ. ಮಕ್ಕಳು ಸೆಕೆಂಡ್ ಪಿಯುನಲ್ಲಿ ಇರುವಾಗಲೇ ಲೆಕ್ಕಕ್ಕೆ ಕೂತುಕೊಳ್ಳಿ.

ಮೊದಲು ಕಾಗದಪತ್ರ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಅದರ ಮೇಲಿರುವ ಆರ್‌ಡಿ ನಂಬರ್ ಸಿಇಟಿ (ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆ) ಅರ್ಜಿಗೆ ಬೇಕು. 1ರಿಂದ 10ನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲಾತಿ ಇದೆ. ಹಾಗೆ ಓದಿದ್ದಕ್ಕೆ ಶಾಲೆ ಕೊಡುವ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಯೂ ಆಗಬೇಕು. ಆಧಾರ್‌ನಲ್ಲಿ ಒಂದು ಇನಿಷಿಯಲ್, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿಮಾಡಿಸಿ.

ಆಮೇಲೆ ಖರ್ಚು. ಫೀ ಒಂದನ್ನೇ ನೋಡಬೇಡಿ. ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಹಾಸ್ಟೆಲ್, ಮೆಸ್, ಬಸ್ಸು, ಲ್ಯಾಪ್‌ಟಾಪ್ ಎಲ್ಲ ಬರೆದು, ಕೋರ್ಸಿನ ವರ್ಷಗಳಿಂದ ಗುಣಿಸಿ. ಕಾರವಾರದ ಮಾಜಾಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ಇವನ್ನು ಬೆಂಗಳೂರಿನ ಕಾಲೇಜಿನ ಪಕ್ಕದಲ್ಲಿಟ್ಟು ನೋಡಿ. ರೂಮಿನ ಬಾಡಿಗೆ, ಅಡ್ವಾನ್ಸ್ ಸೇರಿದಾಗ ಲೆಕ್ಕವೇ ಬದಲಾಗುತ್ತದೆ.

ಜಾಸ್ತಿ ಎಡವಟ್ಟು ಆಗುವುದು ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಸಿಇಟಿ ರ‍್ಯಾಂಕ್ ಬಂದ ಮೇಲೆ ಬೇಕಾದ ಕಾಲೇಜು, ಕೋರ್ಸುಗಳನ್ನು ಆನ್‌ಲೈನಿನಲ್ಲಿ ಸಾಲಾಗಿ ತುಂಬುವಾಗ. ಎಷ್ಟೋ ಜನ ಸೈಬರ್ ಸೆಂಟರಿನವರಿಗೆ ಪಾಸ್‌ವರ್ಡ್ ಕೊಟ್ಟು ಸುಮ್ನೆ ಬಂದುಬಿಡುತ್ತಾರೆ. ಓದುವವರು ಸೆಂಟರಿನವರಲ್ಲ, ಅಲ್ವಾ? ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡುತ್ತದೆ. ರ‍್ಯಾಂಕಿಗೆ ಮೊದಲು ಸಿಕ್ಕ ಸೀಟನ್ನೇ ಕೊಡುತ್ತದೆ. ಹಾಗಾಗಿ ಸಿಗಲಿ ಬಿಡಲಿ, ತೀರಾ ಬೇಕಾದದ್ದು ಮೇಲಿರಲಿ. ಸಿಕ್ಕರೂ ಸೇರುವುದಿಲ್ಲ ಎನ್ನುವ ಕಾಲೇಜನ್ನು ಹಾಕಲೇಬೇಡಿ. ಅಣಕು ಹಂಚಿಕೆ (ಯಾವ ಸೀಟು ಸಿಗಬಹುದು ಎಂದು ತೋರಿಸುವ ಮಾಕ್ ಅಲಾಟ್‌ಮೆಂಟ್) ಬಂದ ಮೇಲೆ ಪಟ್ಟಿ ತಿದ್ದಲು ಅವಕಾಶ ಇರುತ್ತದೆ. ನಿಜವಾದ ಸೀಟು ಬಂದಾಗ ಚಾಯ್ಸ್ 1 ಎಂದರೆ ಇದೇ ಸಾಕು. ಚಾಯ್ಸ್ 2 ಎಂದರೆ ಇದೂ ಇರಲಿ, ಮೇಲಿನದು ಸಿಗುತ್ತದಾ ನೋಡುತ್ತೇನೆ ಎಂದು. ಮೇಲಿನದು ಸಿಕ್ಕರೆ ಹಳೆಯ ಸೀಟು ತಾನಾಗಿ ಹೋಗುತ್ತದೆ. ಮಳೆಗಾಲದ ಕರೆಂಟನ್ನು ನಂಬಿ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ ಇದೆ. ಮಕ್ಕಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಸರ್ಕಾರಿ ಹಾಸ್ಟೆಲ್‌ಗೆ ಬೇರೆಯೇ ಅರ್ಜಿ.

ಇಷ್ಟಾದರೂ ಸಾಲದಿದ್ದರೆ ಶಿಕ್ಷಣ ಸಾಲ. 4 ಲಕ್ಷದವರೆಗೆ ಸಾಮಾನ್ಯವಾಗಿ ಕೈಯಿಂದ ಪಾಲು ಹಾಕಬೇಕಿಲ್ಲ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಇರುವುದಿಲ್ಲ, ಆದರೆ ಬಡ್ಡಿ ಮೊದಲಿನಿಂದಲೇ ಓಡುತ್ತದೆ. ಓದುತ್ತಿರುವಾಗಲೇ ಬಡ್ಡಿಯಷ್ಟನ್ನಾದರೂ ಕಟ್ಟಿದರೆ ಸಾಲ ಬೆಳೆಯುವುದಿಲ್ಲ. ಬ್ಯಾಂಕಿಗೆ ಹೋಗುವಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ, ಕಂತೆಷ್ಟು ಎಂದು ಅವರೇ ಕೇಳಲಿ. ಸಾಲ ಅವರ ಹೆಸರಿನಲ್ಲಿ, ನೀವು ಜೊತೆ ಸಾಲಗಾರರು.