ಅಳತೆ ಹಲಗೆ ಹಿಡಿದು ಮಲ್ಪೆ ಬಂದರಿನಲ್ಲಿ

ಕಡಲ ವಿಜ್ಞಾನ ಓದಬೇಕು ಅನ್ನುವ ಮಕ್ಕಳು ನನ್ನನ್ನು ಮೊದಲು ಕೇಳುವುದು, ಸ್ಕೂಬಾ ಡೈವಿಂಗ್ ಬರಬೇಕಾ ಅಂತ. ನನಗಂತೂ ಬರುವುದಿಲ್ಲ. ನನ್ನ ಕೆಲಸ ಶುರುವಾಗುವುದು ಬೆಳಗ್ಗೆ ಐದಕ್ಕೆ, ಮಲ್ಪೆ ಬಂದರಿನಲ್ಲಿ, ಬಲೆ ಎಳೆದು ಮೀನು ಹಿಡಿಯುವ ಟ್ರಾಲ್ ಬೋಟುಗಳು ಮೀನು ಇಳಿಸುವ ಹೊತ್ತಿಗೆ.

ಓದಿನ ದಾರಿ ನೇರ ಇತ್ತು. ಪಿಯುಸಿ ಸೈನ್ಸ್, ಸಿಇಟಿ, ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ನಾಲ್ಕು ವರ್ಷ ಬಿ.ಎಫ್.ಎಸ್ಸಿ, ಅಂದರೆ ಮೀನುಗಾರಿಕಾ ವಿಜ್ಞಾನದ ಪದವಿ, ಆಮೇಲೆ ಅದರದ್ದೇ ಸ್ನಾತಕೋತ್ತರ ಪದವಿ ಎಂ.ಎಫ್.ಎಸ್ಸಿ. ಬಿಎಸ್ಸಿ ಮಾಡಿದವರು ಕಾರವಾರದ ಕೋಡಿಬಾಗದಲ್ಲಿರುವ ಕಡಲ ಜೀವಶಾಸ್ತ್ರ ವಿಭಾಗದ ಕಡೆಯಿಂದಲೂ ಬರುತ್ತಾರೆ. ಕೆಲಸ ಸಿಗುವುದು ಮಾತ್ರ ಅಷ್ಟು ನೇರ ಅಲ್ಲ. ನನ್ನ ಮೊದಲ ಕೆಲಸ ಒಂದು ಸಂಶೋಧನಾ ಯೋಜನೆಯಲ್ಲಿ, ಗುತ್ತಿಗೆ ಮೇಲೆ. ಯೋಜನೆ ಮುಗಿದ ದಿನ ಸಂಬಳವೂ ನಿಲ್ಲುತ್ತದೆ. ಇದನ್ನು ಮನೆಯವರಿಗೆ ಮೊದಲೇ ಹೇಳಿಡಿ.

ಕೆಲಸ ಏನೆಂದರೆ, ಒಂದು ಬುಟ್ಟಿ ಮೀನು ತೆಗೆದುಕೊಂಡು, ದೊಡ್ಡದು ಚಿಕ್ಕದು ಅಂತ ಆರಿಸದೆ ಒಂದೊಂದನ್ನೂ ಹಲಗೆ ಮೇಲಿಟ್ಟು ಅಳೆಯುವುದು, ತೂಗುವುದು, ಕೆಲವನ್ನು ಕೊಯ್ದು ಮೊಟ್ಟೆ ಎಷ್ಟು ಬಲಿತಿದೆ ನೋಡುವುದು, ತಲೆಯೊಳಗಿನ ಕಿವಿಕಲ್ಲು ತೆಗೆದಿಡುವುದು. ಮರದ ಹಾಗೆ ಆ ಕಲ್ಲಿನಲ್ಲೂ ಬಳೆಗಳಿರುತ್ತವೆ, ಮೀನಿನ ವಯಸ್ಸು ಅದರಿಂದ ಗೊತ್ತಾಗುತ್ತದೆ. ಶುರುವಿನಲ್ಲಿ ನಾನು ಬಂಗುಡೆಯನ್ನು ಒಂದು ದಿನ ಬಾಲದ ತುದಿವರೆಗೆ, ಇನ್ನೊಂದು ದಿನ ಬಾಲದ ಕವಲಿನವರೆಗೆ ಅಳೆದಿದ್ದೆ. ಯಾವುದು ಯಾವ ದಿನದ್ದು ಅಂತ ಬರೆದಿರಲಿಲ್ಲ. ಮೂರು ವಾರದ ಅಂಕಿಗಳನ್ನು ಬಿಸಾಡಬೇಕಾಯಿತು. ಅವತ್ತಿನಿಂದ ಪ್ರತಿ ಹಾಳೆಯ ಮೇಲೆ ಮೊದಲು ಅದನ್ನೇ ಬರೆಯುತ್ತೇನೆ.

ಅಳತೆಗಿಂತ ಕಷ್ಟ ಆಗಿದ್ದು ಮಾತು. ಎಷ್ಟು ಆಳದಲ್ಲಿ, ಎಷ್ಟು ಹೊತ್ತು ಬಲೆ ಎಳೆದಿರಿ ಅಂತ ಗೊತ್ತಿಲ್ಲದಿದ್ದರೆ ಮೀನಿನ ಉದ್ದದಿಂದ ಜಾಸ್ತಿ ಏನೂ ತಿಳಿಯುವುದಿಲ್ಲ. ಆದರೆ ಪುಸ್ತಕ ಹಿಡಿದು ಬಂದವಳನ್ನು ಕಂಡರೆ ದಂಡ ಹಾಕಲು ಬಂದಿದ್ದಾಳೆ ಅಂತಲೇ ಎಲ್ಲರಿಗೂ ಅನಿಸುತ್ತಿತ್ತು. ಕೊನೆಗೆ ದಾರಿ ಹೇಳಿದ್ದು ಮೀನು ಮಾರುವ ಒಬ್ಬ ಅಕ್ಕ. "ಏಲಂ ಮುಗಿಯುವ ತನಕ ಅವರ ಹತ್ರ ಮಾತಾಡ್ಬೇಡ ಮಗಾ. ಮೀನು ಹೋದ ಮೇಲೆ, ಚಾ ಕುಡಿಯುವಾಗ ಕೇಳು." ಅಷ್ಟೇ. ಕಾಲೇಜಿನಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ.

ಚಾ ಹೊತ್ತಿನಲ್ಲಿ ಅವರೂ ನನ್ನನ್ನು ಕೇಳತೊಡಗಿದರು. ಬೋಟು ನಡೆಸುವ ಒಬ್ಬ ತಾಂಡೇಲರದ್ದು ಯಾವಾಗಲೂ ಒಂದೇ ಪ್ರಶ್ನೆ, ಬೂತಾಯಿ (ಸಾರ್ಡೀನ್ ಮೀನು) ಎಲ್ಲಿ ಹೋಯಿತು ಅಂತ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ ಹತ್ತಿರ ಸಿಕ್ಕಿದ್ದ ಬೂತಾಯಿ 2021ರಲ್ಲಿ ಸುಮಾರು 3,300 ಟನ್ನಿಗೆ ಇಳಿಯಿತು ಅಂದಾಗ ಅವರು ಲೋಟ ಕೆಳಗಿಟ್ಟರು. ನೀರು ಬಿಸಿಯಾಗುವುದು, ಪೆಸಿಫಿಕ್ ಸಾಗರ ಕೆಲವು ವರ್ಷಕ್ಕೊಮ್ಮೆ ಬಿಸಿಯಾಗಿ ಹವಾಮಾನ ಏರುಪೇರು ಮಾಡುವ ಎಲ್ ನಿನೊ, ಮರಿ ಇದ್ದಾಗಲೇ ಹಿಡಿಯುವುದು, ಕಾರಣ ಒಂದೇ ಅಲ್ಲ. ಇದರಲ್ಲಿ ಬಂದರಿನಲ್ಲಿ ನಿಂತು ನಾವು ಏನಾದರೂ ಮಾಡಬಹುದಾದದ್ದು ಮರಿಮೀನಿನ ವಿಷಯದಲ್ಲಿ ಮಾತ್ರ. ಕೇರಳ 2015ರಲ್ಲಿ 14 ಜಾತಿಗಳಿಗೆ, ಇದಕ್ಕಿಂತ ಚಿಕ್ಕದನ್ನು ಹಿಡಿಯಬಾರದು ಅಂತ ಕನಿಷ್ಠ ಅಳತೆ ಹಾಕಿತು, ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಹಲಗೆ ಮೇಲೆ ಆ ಎರಡು ಗೆರೆಗಳನ್ನು ತೋರಿಸಿದೆ. ಅವರು ಬೆರಳಿಟ್ಟು ನೋಡಿದರು, ಏನೂ ಹೇಳಲಿಲ್ಲ.

ಜೂನ್, ಜುಲೈನ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿದವು. ಆಗಸ್ಟಿನ ಒಂದು ಬೆಳಗ್ಗೆ ಅದೇ ತಾಂಡೇಲರು, ಏಲಂ ಇನ್ನೂ ನಡೆಯುತ್ತಿರುವಾಗಲೇ, ಒಂದು ಪ್ಲಾಸ್ಟಿಕ್ ಕವರ್ ಹಿಡಿದು ನನ್ನ ಹತ್ತಿರ ಬಂದರು. ಒಳಗೆ ಬಂಗುಡೆ, ಎಲ್ಲ 12 ಸೆಂಟಿಮೀಟರ್ ಆಸುಪಾಸು.

"ಮೇಡಂ, ಇದು ಬಿದ್ದ ಜಾಗ ಹೇಳ್ತೇನೆ. ಬರ್ಕೊಳ್ಳಿ. ಹದಿನೆಂಟು ಮಾರು ಆಳದ ನೀರು."