ಆರ್ಗ್ ಮೋಡ್‌ನಲ್ಲಿ ದಿನದ ಲೆಕ್ಕ ಗಂಟೆವಾರು ನೋಡೋದು ಹೇಗೆ

ಈಮ್ಯಾಕ್ಸ್ ಅನ್ನೋ ಪಠ್ಯ ಸಂಪಾದಕದ ಆರ್ಗ್ ಮೋಡ್‌ನಲ್ಲಿ (ಟಿಪ್ಪಣಿ, ಕೆಲಸದ ಪಟ್ಟಿ ಇಡುವ ಭಾಗ) ಕೆಲಸಕ್ಕೆ ಗಡಿಯಾರ ಹಾಕುವವರು, ಅಂದರೆ ಶುರು ಮಾಡಿದ ಮತ್ತು ಮುಗಿಸಿದ ಸಮಯ ದಾಖಲಿಸುವವರು, ನಮ್ಮಲ್ಲಿ ಕೆಲವರಿದ್ದೀರಿ ಅಲ್ವಾ? ಒಟ್ಟು ಎಷ್ಟು ಗಂಟೆ ಅನ್ನೋದು ಟೇಬಲ್‌ನಲ್ಲಿ ಸಿಗುತ್ತದೆ. ಆದರೆ ಬೆಳಿಗ್ಗೆಯಿಂದ ಯಾವುದರ ನಂತರ ಯಾವುದು ಮಾಡಿದೆ ಅನ್ನೋದು ಅದರಲ್ಲಿ ಕಾಣುವುದಿಲ್ಲ.

ಅದಕ್ಕೆ ಅಜೆಂಡಾ (ಕೆಲಸಗಳನ್ನು ದಿನವಾರು ತೋರಿಸುವ ನೋಟ) ತೆರೆದು ಎಲ್ ಕೀ ಒತ್ತಿ. ಲಾಗ್ ಮೋಡ್ ಶುರುವಾಗುತ್ತದೆ. ಗಡಿಯಾರ ಓಡಿದ ಪ್ರತಿ ತುಣುಕೂ ಶುರುವಾದ ಮತ್ತು ಮುಗಿದ ಸಮಯದ ಜೊತೆ ಸಾಲಾಗಿ ಬರುತ್ತದೆ. ಒಂದೇ ಕೆಲಸವನ್ನು ಮೂರು ಸಲ ಬಿಟ್ಟು ಹಿಡಿದಿದ್ದರೆ ಮೂರು ಸಾಲು. ನನಗಂತೂ ಮೊದಲ ಸಲ ನೋಡಿದಾಗ ಸ್ವಲ್ಪ ನಾಚಿಕೆಯೇ ಆಯಿತು! ಹಿಂದಿನ ದಿನಗಳಿಗೆ ಹೋಗಲು ಬಿ, ಮುಂದಕ್ಕೆ ಎಫ್. ಏನೂ ಕಾಣದಿದ್ದರೆ ಆ ಫೈಲ್ ಅಜೆಂಡಾ ಓದುವ ಫೈಲ್‌ಗಳ ಪಟ್ಟಿಯಲ್ಲಿ ಇದೆಯಾ ನೋಡಿ.

ನನಗೆ ಇನ್ನೂ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಅಜೆಂಡಾದಲ್ಲೇ ವಿ ಒತ್ತಿ ಆಮೇಲೆ ಸಿ ಒತ್ತುವುದು. ಇದು ಲೆಕ್ಕದ ತಪ್ಪುಗಳನ್ನೇ ಎತ್ತಿ ತೋರಿಸುತ್ತದೆ. ಎರಡು ಕೆಲಸ ಒಂದರ ಮೇಲೊಂದು ಬಂದಿದ್ದರೆ, ನಡುವೆ 5 ನಿಮಿಷಕ್ಕಿಂತ ಜಾಸ್ತಿ ಖಾಲಿ ಇದ್ದರೆ, ಅಥವಾ ಗಡಿಯಾರ 10 ಗಂಟೆ ಮೀರಿ ಓಡಿದ್ದರೆ ಅಲ್ಲೇ ಗುರುತು ಬೀಳುತ್ತದೆ. ಈ ಮಿತಿಗಳನ್ನು ನಿಮಗೆ ಬೇಕಾದಂತೆ ಬದಲಾಯಿಸಬಹುದು. ನಾನು ಖಾಲಿ ಜಾಗದ ಮಿತಿಯನ್ನು 15 ನಿಮಿಷ ಮಾಡಿಕೊಂಡಿದ್ದೇನೆ. ಇಲ್ಲದಿದ್ದರೆ ಸುಮ್ನೆ ಎದ್ದು ನೀರು ಕುಡಿದು ಬಂದರೂ ದೂರು ಹೇಳುತ್ತದೆ.

ತಪ್ಪು ಕಂಡರೆ ಎಂಟರ್ ಒತ್ತಿ ಮೂಲ ಫೈಲ್‌ಗೆ ಹೋಗಿ, ಗಡಿಯಾರದ ಸಾಲಿನಲ್ಲಿ ಸಮಯ ತಿದ್ದಿ. ಆಮೇಲೆ ಅದೇ ಸಾಲಿನ ಮೇಲೆ ಕಂಟ್ರೋಲ್ ಹಿಡಿದು ಎರಡು ಸಲ ಸಿ ಒತ್ತಿದರೆ ಒಟ್ಟು ಅವಧಿ ತಾನೇ ಸರಿಯಾಗುತ್ತದೆ.